ಮೈಮೇಲೆ ಹೊರುವ ಸ್ಟೆಬಿಲೈಸರ್ ರಿಗ್ ಆರಿಸಿಕೊಂಡ ಬಗೆ

ಬಹಳ ಕಾಲದ ಹುಡುಕಾಟ, ಓಡಾಟ ಮತ್ತು ಕಾಯುವಿಕೆಯ ನಂತರ ನನ್ನ ಸ್ವಂತದ ಸ್ಟೆಬಿಲೈಸರ್ ರಿಗ್ ಈಗಷ್ಟೇ ಕೈಸೇರಿದೆ, ಅದರ ಮೇಲೆ ಮೊದಲ ಚಿತ್ರೀಕರಣವೂ ಮುಗಿದಿದೆ. ಮೈಗೆ ತೊಡುವ ವೆಸ್ಟ್, ಭಾರ ಎತ್ತುವ ಸ್ಪ್ರಿಂಗಿನ ತೋಳಾದ ಆರ್ಮ್, ಕ್ಯಾಮೆರಾ ಕೂರುವ ಕೊಳವೆಯಾದ ಸ್ಲೆಡ್ ಎಂಬ ಮೂರು ಭಾಗಗಳ, ನಡೆಯುವಾಗ ಚಿತ್ರ ಕುಲುಕದಂತೆ ಕಾಯುವ ಈ ಸಾಧನವನ್ನು ಮೈಗೆ ಕಟ್ಟಿಕೊಂಡು, ಕ್ಯಾಮೆರಾ ಹೊತ್ತು ನಡೆಯುವ ಆಪರೇಟರುಗಳಿಗೆ ಇದು ವರ್ಷಗಟ್ಟಲೆ ಜೊತೆಗಿರುವ ವಸ್ತು. ಆದರೂ ಇದನ್ನು ಆರಿಸುವಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂಬುದನ್ನು ಯಾರೂ ಸ್ಪಷ್ಟವಾಗಿ ಹೇಳಿಕೊಡುವುದಿಲ್ಲ. ಮಾರುವವರು ಸ್ಲೆಡ್‌ನಿಂದ ಮಾತು ಶುರು ಮಾಡುತ್ತಾರೆ. ಅನುಭವಿಗಳು ಆರ್ಮ್‌ನ ಗುಣವನ್ನು ಹೊಗಳುತ್ತಾರೆ. ವೆಸ್ಟ್‌ನ ಮಾತು ಬರುವುದು ಎಲ್ಲ ತೀರ್ಮಾನವಾದ ಮೇಲೆ. ಈ ದಾರಿಯನ್ನು ಪೂರ್ತಿ ನಡೆದ ಮೇಲೆ ನನಗೆ ಖಚಿತವಾಗಿರುವುದೆಂದರೆ, ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಮೊದಲು ನಿಮ್ಮ ಮೈಗೆ ಹೊಂದುವ ವೆಸ್ಟ್, ಆಮೇಲೆ ನೀವು ನಿಜವಾಗಿ ಹೊರುವ ತೂಕಕ್ಕೆ ತಕ್ಕ ಆರ್ಮ್, ಅದಾದ ಮೇಲೆ ಸ್ಲೆಡ್. ಮುಂದೆ ಇದೇ ಕೆಲಸಕ್ಕೆ ಹೊರಡುವವರಿಗೆ ಗೊಂದಲ ಕಡಿಮೆಯಾಗಲಿ ಎಂದು ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತಿದ್ದೇನೆ.

ಆರಂಭದಲ್ಲಿ ನನ್ನ ಮುಂದಿದ್ದ ಪ್ರಶ್ನೆ, ನನಗೆ ಇಂಥ ರಿಗ್ ಬೇಕೇ ಬೇಕೇ ಎಂಬುದು. ಮೈಮೇಲೆ ಹೊರುವ ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಒಂದು, ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್ ಮತ್ತು ಅದೇ ತತ್ತ್ವದ ಮೇಲೆ ಬೇರೆ ಬೇರೆ ತಯಾರಕರು ಮಾಡುವ ರಿಗ್‌ಗಳು. ಇನ್ನೊಂದು, ಬೆನ್ನಿನ ಚೌಕಟ್ಟಿನಿಂದ ತಲೆಯ ಮೇಲೆ ಬಾಗಿದ ಕಂಬಿಯೊಂದು ಬಂದು, ಅದರ ತುದಿಯ ಹಗ್ಗಕ್ಕೆ ಕ್ಯಾಮೆರಾವನ್ನು ತೂಗುಹಾಕುವ ಬಗೆ. ಇದರಲ್ಲಿ ಹೆಸರಾದದ್ದು 1990ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈಜಿರಿಗ್. ಮೂರನೆಯದು, ಮೋಟಾರು ಇರುವ ಮೂರು ಅಕ್ಷದ ಗಿಂಬಲ್ಲನ್ನು, ಅಂದರೆ ಕ್ಯಾಮೆರಾ ಎಲ್ಲ ದಿಕ್ಕಿಗೂ ತಿರುಗುವಂತೆ ಹಿಡಿಯುವ ಕೀಲನ್ನು, ಇಂಥದೇ ಯಾವುದಾದರೊಂದು ಆಧಾರದ ಮೇಲೆ ಹೊರುವುದು. ಫ್ರೀಫ್ಲೈ ಸಂಸ್ಥೆಯ ಮೋವಿ 2013ರಲ್ಲಿ ಬಂದ ಮೇಲೆ ಈ ದಾರಿ ಎಲ್ಲೆಡೆ ಹಬ್ಬಿತು.

ಈ ಮೂರರ ನಡುವಿನ ವ್ಯತ್ಯಾಸವನ್ನು ಒಂದೇ ಕಾರಿಡಾರಿನಲ್ಲಿ ನಡೆದು ನೋಡಿದರೆ ಸಾಕು, ಓದಿ ತಿಳಿಯಬೇಕಾಗಿಲ್ಲ. ಈಜಿರಿಗ್ ಮಾದರಿಯ ಸಾಧನವು ಹೆಗಲಿನ ಮತ್ತು ತೋಳಿನ ಭಾರವನ್ನು ಸೊಂಟಕ್ಕೆ ಇಳಿಸುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾದ ಜೀವಂತಿಕೆ ಬೇಕೆನ್ನುವ ಸಾಕ್ಷ್ಯಚಿತ್ರಕ್ಕೆ, ದೀರ್ಘ ಸಂದರ್ಶನಕ್ಕೆ ಅದು ತುಂಬ ಒಳ್ಳೆಯದು, ಆದರೆ ಹೆಜ್ಜೆಯ ಕುಲುಕು ಚಿತ್ರದಲ್ಲಿ ಉಳಿಯುತ್ತದೆ. ಮೋಟಾರ್ ಗಿಂಬಲ್ ಕ್ಯಾಮೆರಾದ ವಾಲುವಿಕೆ, ತಿರುಗುವಿಕೆಗಳನ್ನು ಕರಾರುವಾಕ್ಕಾಗಿ ಸರಿಪಡಿಸುತ್ತದೆ, ಆದರೆ ಕ್ಯಾಮೆರಾ ಇಡಿಯಾಗಿ ಮೇಲೆ ಕೆಳಗೆ ಕುಪ್ಪಳಿಸುವುದನ್ನು ಅದು ತಡೆಯಲಾರದು. ಆ ಕೆಲಸ ಸ್ಪ್ರಿಂಗ್ ಇರುವ ಆರ್ಮ್‌ನದು. ನಾನು ಹೆಚ್ಚಾಗಿ ಮಾಡುವುದು ನಟರ ಜೊತೆಜೊತೆಗೆ ನಡೆಯುವ ಉದ್ದನೆಯ ಶಾಟ್‌ಗಳು. ಅವುಗಳಲ್ಲಿ ನಟ ಹಠಾತ್ತನೆ ನಿಂತರೆ ನಾನೂ ಅದೇ ಕ್ಷಣ ನಿಲ್ಲಬೇಕು, ತಿರುಗಿದರೆ ಬೆರಳ ತುದಿಯಿಂದಲೇ ಫ್ರೇಮನ್ನು ತಿರುಗಿಸಬೇಕು. ಅದಕ್ಕೆ ವೆಸ್ಟ್, ಆರ್ಮ್, ಸ್ಲೆಡ್ ಇರುವ ಪೂರ್ಣ ರಿಗ್ಗೇ ಬೇಕೆಂದು ತೀರ್ಮಾನವಾಯಿತು. ನಿಮ್ಮ ಕೆಲಸದ ಬಹುಪಾಲು ಕುಳಿತು ಮಾತನಾಡುವವರನ್ನು ಚಿತ್ರೀಕರಿಸುವುದಾದರೆ ಇಲ್ಲಿಂದ ಮುಂದಿನ ದಾರಿ ನಿಮಗೆ ಬೇಕಾಗಿಲ್ಲ. ತೂಗುಹಗ್ಗದ ಸಾಧನ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ನಿಮ್ಮ ಬೆನ್ನನ್ನು ಕಾಪಾಡುತ್ತದೆ.

ರಿಗ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯದೆ ಅದರ ವಿವರಪಟ್ಟಿಯನ್ನು ಓದಿದರೆ ಉಪಯೋಗವಿಲ್ಲವಾದ್ದರಿಂದ ಅದನ್ನಿಷ್ಟು ಹೇಳಿಬಿಡುತ್ತೇನೆ. ಸ್ಲೆಡ್ ಎಂದರೆ ಒಂದು ಉದ್ದನೆಯ ಕೊಳವೆ. ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಮಾನಿಟರ್ ಮತ್ತು ಬ್ಯಾಟರಿಗಳು. ತೂಕವನ್ನು ಹೀಗೆ ಎರಡು ತುದಿಗೆ ಹಂಚಿದಾಗ ಇಡೀ ಸಾಧನ ತಟ್ಟನೆ ತಿರುಗಲು, ವಾಲಲು ಒಪ್ಪುವುದಿಲ್ಲ. ಹಗ್ಗದ ಮೇಲೆ ನಡೆಯುವವರು ಉದ್ದನೆಯ ಕೋಲು ಹಿಡಿಯುವುದು ಇದೇ ಕಾರಣಕ್ಕೆ. ತೂಕವು ಕೇಂದ್ರದಿಂದ ಎರಡು ಪಟ್ಟು ದೂರ ಹೋದರೆ ತಿರುಗುವಿಕೆಗೆ ಅದು ಒಡ್ಡುವ ಜಡತ್ವ ನಾಲ್ಕು ಪಟ್ಟಾಗುತ್ತದೆ. ಇಡೀ ಸ್ಲೆಡ್‌ನ ಗುರುತ್ವ ಕೇಂದ್ರದಿಂದ ಸ್ವಲ್ಪ ಮೇಲೆ, ಘರ್ಷಣೆಯೇ ಇಲ್ಲವೆನ್ನುವಷ್ಟು ನಯವಾದ ಬೇರಿಂಗ್‌ಗಳ, ಮೋಟಾರಿಲ್ಲದ ಗಿಂಬಲ್ ಇರುತ್ತದೆ. ನಮ್ಮ ಮೈಯ ಅಲುಗಾಟ ಕ್ಯಾಮೆರಾವನ್ನು ತಿರುಗಿಸದಂತೆ ಅದು ತಡೆಯುತ್ತದೆ. ಗಿಂಬಲ್‌ನ ಹಿಡಿಕೆ ಆರ್ಮ್‌ನ ತುದಿಯ ಮೇಲೆ ಕೂರುತ್ತದೆ, ಆರ್ಮ್ ವೆಸ್ಟ್‌ಗೆ ಸೇರುತ್ತದೆ. ಹಾಗಾಗಿ ರಿಗ್‌ನ ಗುಣವೆಂದರೆ ಗಿಂಬಲ್‌ನ ನಯ, ಆರ್ಮ್‌ನ ಹದ, ವೆಸ್ಟ್‌ನ ಬಿಗಿ, ಈ ಮೂರೇ. ಉಳಿದದ್ದೆಲ್ಲ ಅನುಕೂಲ.

ಮುಂದಿನ ಹೆಜ್ಜೆಯಾಗಿ ನಾನು ಮಾಡಿದ್ದು ತೂಕ ಹಾಕುವ ಕೆಲಸ. ಕ್ಯಾಮೆರಾದ ಕೈಪಿಡಿಯಲ್ಲಿ ಬರೆದಿರುವ ತೂಕ ಬರಿಯ ದೇಹದ್ದು. ಸೆಟ್‌ನಲ್ಲಿ ಅದು ಹಾಗೆ ಬರಿಮೈಯಲ್ಲಿ ಎಂದೂ ಇರುವುದಿಲ್ಲ. ನಾನು ಸಾಮಾನ್ಯವಾಗಿ ಬಳಸುವ ಕ್ಯಾಮೆರಾ, ಅದರ ಅಡಿಯ ಪ್ಲೇಟ್, ನನ್ನ ಬಳಕೆಯ ಅತಿ ಭಾರದ ಲೆನ್ಸ್, ಲೆನ್ಸಿನ ಮುಂದೆ ಬೇಡದ ಬೆಳಕು ತಡೆಯುವ ಮ್ಯಾಟ್ ಬಾಕ್ಸ್, ಫಿಲ್ಟರುಗಳು, ಫೋಕಸ್ ಮೋಟಾರ್ ಮತ್ತು ಅದರ ರಿಸೀವರ್, ವೈರ್‌ಲೆಸ್ ವಿಡಿಯೋ ಟ್ರಾನ್ಸ್‌ಮಿಟರ್, ಕೇಬಲ್‌ಗಳು, ಇವನ್ನೆಲ್ಲ ಒಂದೊಂದಾಗಿ ತಕ್ಕಡಿಯ ಮೇಲಿಟ್ಟು ಬರೆದುಕೊಂಡೆ. 3 ಕಿಲೋಗ್ರಾಂನ ಆಸುಪಾಸಿನ ಕ್ಯಾಮೆರಾ ಸಿದ್ಧವಾಗಿ ನಿಲ್ಲುವಾಗ 8 ಕಿಲೋಗ್ರಾಂ ಆಗಿತ್ತು. ಅದಕ್ಕೆ ಮಾನಿಟರ್ ಮತ್ತು ಬ್ಯಾಟರಿ ಸೇರಿದ ಸ್ಲೆಡ್‌ನ 6 ಕಿಲೋಗ್ರಾಂ ಸೇರಿಸಿದರೆ ಆರ್ಮ್ ಎತ್ತಬೇಕಾದದ್ದು 14 ಕಿಲೋಗ್ರಾಂ. ಆರ್ಮ್ ಮತ್ತು ವೆಸ್ಟ್‌ನ ಸ್ವಂತ ತೂಕ ಸೇರಿಸಿದಾಗ ನನ್ನ ಮೈಮೇಲೆ ಬರುವುದು 23 ಕಿಲೋಗ್ರಾಂಗೂ ಮೇಲೆ. ಈ ಅಂಕಿಗಳನ್ನು ಕಾಗದದ ಮೇಲೆ ಕಂಡಾಗ ನನಗೆ ಆತಂಕವಾದದ್ದು ನಿಜ. ಆದರೆ ಮುಂದಿನ ಎಲ್ಲ ಮಾತುಕತೆಯಲ್ಲಿ ನನ್ನನ್ನು ಕಾಪಾಡಿದ್ದು ಇದೇ ಹಾಳೆ.

ಏಕೆಂದರೆ ವಿವರಪಟ್ಟಿಗಳಲ್ಲಿ ಹೊರುವ ಸಾಮರ್ಥ್ಯವೆಂದು ಕೊಡುವ ಸಂಖ್ಯೆ ಎಲ್ಲ ಕಡೆ ಒಂದೇ ಅರ್ಥದಲ್ಲಿರುವುದಿಲ್ಲ. ಕೆಲವರು ಸ್ಲೆಡ್‌ನ ಮೇಲೆ ಕೂರಿಸಬಹುದಾದ ಕ್ಯಾಮೆರಾದ ತೂಕವನ್ನು ಹೇಳುತ್ತಾರೆ. ಕೆಲವರು ಆರ್ಮ್ ಎತ್ತಬಲ್ಲ ಒಟ್ಟು ತೂಕವನ್ನು, ಅಂದರೆ ಸ್ಲೆಡ್, ಮಾನಿಟರ್, ಬ್ಯಾಟರಿ ಎಲ್ಲ ಸೇರಿದ್ದನ್ನು ಹೇಳುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ದುರ್ಬಲವಾದ ರಿಗ್ಗೇ ಬಲಿಷ್ಠವೆಂದು ತೋರುತ್ತದೆ. ಪ್ರತಿಯೊಬ್ಬ ಮಾರಾಟಗಾರರಿಗೂ ನಾನು ಒಂದೇ ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿದೆ: ಆರ್ಮ್ ಎತ್ತುವ ಕನಿಷ್ಠ ಒಟ್ಟು ತೂಕ ಎಷ್ಟು, ಗರಿಷ್ಠ ಎಷ್ಟು? ಕನಿಷ್ಠವನ್ನು ಕೇಳುವುದು ಬಹಳ ಮುಖ್ಯ. ದೊಡ್ಡ ಕ್ಯಾಮೆರಾಕ್ಕೆಂದು ಮಾಡಿದ ಆರ್ಮ್ ಸಣ್ಣ ಕ್ಯಾಮೆರಾವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಆಗ ಸ್ಲೆಡ್‌ಗೆ ತೂಕದ ಬಿಲ್ಲೆಗಳನ್ನು ಜೋಡಿಸಿ, ಬೇಡದ ಭಾರವನ್ನು ಹೊರಬೇಕಾಗುತ್ತದೆ. ನನ್ನ ಒಟ್ಟು ತೂಕ ಆರ್ಮ್‌ನ ವ್ಯಾಪ್ತಿಯ ನಡುಭಾಗದಿಂದ ಮೇಲೆ, ಆದರೆ ಗರಿಷ್ಠಕ್ಕೆ ಸಾಕಷ್ಟು ಕೆಳಗೆ ಬೀಳುವಂಥದ್ದನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆ. ಹಾಗೆ ಮಾಡಿದೊಡನೆ ಪಟ್ಟಿ ಅರ್ಧಕ್ಕಿಳಿಯಿತು.

ಹಣ ಕಟ್ಟುವ ಮೊದಲು ವೈದ್ಯರನ್ನೂ ಭೌತಚಿಕಿತ್ಸಕರನ್ನೂ ಕಂಡೆ. ಇದನ್ನು ಅತಿ ಎಚ್ಚರವೆಂದು ಕೆಲವರು ಹೇಳಬಹುದು, ನನಗೆ ಹಾಗನಿಸುವುದಿಲ್ಲ. ಬೆನ್ನುಮೂಳೆಯ ಕೆಳಭಾಗ, ಮಂಡಿ, ಪಾದದ ಕೀಲು, ಈ ಮೂರರಲ್ಲಿ ಹಳೆಯ ನೋವೇನಾದರೂ ಇದ್ದರೆ ರಿಗ್ ಅದನ್ನು ಎಬ್ಬಿಸುತ್ತದೆ. ಸ್ಲೆಡ್ ಮೈಯಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದರ ತೂಕ ನಮ್ಮನ್ನು ಸದಾ ಮುಂದಕ್ಕೂ ಪಕ್ಕಕ್ಕೂ ಎಳೆಯುತ್ತಿರುತ್ತದೆ, ಅದನ್ನು ಎದುರಿಸುವುದು ಬೆನ್ನಿನ ಆಳದ ಸ್ನಾಯುಗಳು. ಭೌತಚಿಕಿತ್ಸಕರು ಹೊಟ್ಟೆಯ, ಬೆನ್ನಿನ ಮತ್ತು ಪೃಷ್ಠದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳನ್ನು ಹೇಳಿಕೊಟ್ಟು, ಅವು ಅಭ್ಯಾಸವಾಗುವ ತನಕ ದೀರ್ಘ ಪ್ರಯೋಗ ಬೇಡವೆಂದರು. ಆ ಕಾಯುವಿಕೆ ಆಗ ಅಸಹನೆ ತಂದರೂ ಅದರ ಲಾಭ ವೆಸ್ಟ್‌ಗಳನ್ನು ತೊಟ್ಟು ನೋಡುವಾಗ ತಿಳಿಯಿತು: ಯಾವ ನೋವು ವೆಸ್ಟ್‌ನದು, ಯಾವುದು ನನ್ನ ಅಭ್ಯಾಸದ ಕೊರತೆಯದು ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಯಿತು.

ಪ್ರಯೋಗಕ್ಕಾಗಿ ರಿಗ್‌ಗಳನ್ನು ಬಾಡಿಗೆಗೆ ತರುವುದೇ ಒಂದು ಪ್ರತ್ಯೇಕ ಕೆಲಸ. ಗುರುತಿನ ದಾಖಲೆ, ವಿಳಾಸದ ದಾಖಲೆ, ದೊಡ್ಡ ಮೊತ್ತದ ಠೇವಣಿ, ಇವಲ್ಲದೆ ಉಪಕರಣಕ್ಕೆ ವಿಮೆ ಇದೆಯೆಂಬ ಪ್ರಮಾಣಪತ್ರವನ್ನೂ ಕೇಳಿದರು. ಸ್ವಂತ ಉಪಕರಣದ ಮೇಲೆ ನಾನು ಮಾಡಿಸಿದ್ದ ವಿಮೆ ಬಾಡಿಗೆಗೆ ತಂದ ವಸ್ತುವಿಗೆ ಅನ್ವಯಿಸುವುದಿಲ್ಲವೆಂದು ಆಗ ತಿಳಿಯಿತು. ಬೇರೆಯವರ ಉಪಕರಣಕ್ಕೆಂದೇ ಪ್ರತ್ಯೇಕ ಷರತ್ತು ಸೇರಿಸಿ, ಬಾಡಿಗೆ ಕೊಡುವವರ ಹೆಸರನ್ನು ಅದರಲ್ಲಿ ಬರೆಸಿ ತರುವ ತನಕ ರಿಗ್ ಕೈಗೆ ಬರಲಿಲ್ಲ. ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹಾಗೆಯೇ ಒಪ್ಪಂದದಲ್ಲಿ ವಾಹನದೊಳಗೆ ಬಿಟ್ಟುಹೋದ ಉಪಕರಣದ ಬಗ್ಗೆ ಏನು ಬರೆದಿದೆ ಎಂಬುದನ್ನು ಓದಿ. ಕಾವಲಿಲ್ಲದ ವಾಹನದಿಂದ ಕಳವಾದರೆ ಪರಿಹಾರವಿಲ್ಲ ಎನ್ನುವ ವಾಕ್ಯ ಅನೇಕ ವಿಮೆಗಳಲ್ಲಿ ಇರುತ್ತದೆ. ರಿಗ್ ಪಡೆಯುವಾಗ ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ವಸ್ತುವಿನ ಫೋಟೋ ತೆಗೆದು, ಮೊದಲೇ ಇದ್ದ ಗೀರುಗಳನ್ನು ರಸೀದಿಯ ಮೇಲೆ ಬರೆಸಿಕೊಂಡೆ. ಹಿಂದಿರುಗಿಸುವ ದಿನ ಅದು ಉಪಯೋಗಕ್ಕೆ ಬಂತು.

ಮೊದಲು ತೊಟ್ಟು ನೋಡಿದ್ದು ಆರ್ಮ್ ಎದೆಯ ಮುಂಭಾಗದಲ್ಲಿ ಸೇರುವ ಸಾಂಪ್ರದಾಯಿಕ ವೆಸ್ಟ್. ಬಾಡಿಗೆ ಅಂಗಡಿಯವರು ಹೆಗಲಿನ ಪಟ್ಟಿಗಳನ್ನು ಬಿಗಿದು ಕಳಿಸಿದರು, ಸ್ವಲ್ಪ ಹೊತ್ತಿನಲ್ಲೇ ಸೊಂಟದ ಮೇಲ್ಭಾಗ ಉರಿಯತೊಡಗಿತು. ಜೊತೆಗಿದ್ದ ಹಿರಿಯ ಆಪರೇಟರೊಬ್ಬರು, "ಭಾರ ಹೆಗಲ ಮೇಲಿದ್ದರೆ ವೆಸ್ಟ್ ಹಾಕಿಕೊಂಡೇ ಇಲ್ಲ ಅಂತ ತಿಳಿಯಿರಿ, ಮೊದಲು ಸೊಂಟದ ಪಟ್ಟಿ" ಎಂದು ಎಲ್ಲವನ್ನೂ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಸೊಂಟದ ಪ್ಯಾಡ್ ಸೊಂಟದ ಮೂಳೆಯ ಅಂಚನ್ನು ಹಿಡಿದು ಕೂರಬೇಕು. ಅದು ಮೂಳೆಯ ಮೇಲಕ್ಕೆ ಸರಿದರೆ ಭಾರವೆಲ್ಲ ಬೆನ್ನಿನ ಕೆಳಭಾಗದ ಮೃದು ಜಾಗಕ್ಕೆ ಬೀಳುತ್ತದೆ. ಆನಂತರ ಎದೆಯ ಪಟ್ಟಿ, ಎಲ್ಲ ಆದ ಮೇಲೆ ಹೆಗಲು, ಅದೂ ವೆಸ್ಟ್ ಜಾರದಷ್ಟು ಮಾತ್ರ. ಪಟ್ಟಿಗಳು ಸಡಿಲವಾಗಿದ್ದರೆ ರಿಗ್ ಒಂದು ಕಡೆ ಎಳೆದಾಗ ವೆಸ್ಟ್ ಮೈಯ ಸುತ್ತ ತಿರುಚುತ್ತದೆ, ಆ ತಿರುಚು ಫ್ರೇಮಿನಲ್ಲಿ ಕಾಣುತ್ತದೆ. ಆದ್ದರಿಂದ ಉಸಿರಾಟಕ್ಕೆ ತೊಡಕಾಗದ ಮಟ್ಟಿಗೆ ಸಾಕಷ್ಟು ಬಿಗಿ ಇರಲೇಬೇಕು.

ವೆಸ್ಟ್‌ಗೆ ಆರ್ಮ್ ಸೇರುವ ಜಾಗಕ್ಕೆ ಸಾಕೆಟ್ ಬ್ಲಾಕ್ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಆ ಲೋಹದ ತುಂಡಿನಲ್ಲಿ ಆರ್ಮ್ ಯಾವ ಕಡೆಗೆ ವಾಲಬೇಕೆಂಬುದನ್ನು ತೀರ್ಮಾನಿಸುವ ತಿರುಪುಗಳಿವೆ. ಕೆಲವು ಮುಂದಕ್ಕೆ ಹಿಂದಕ್ಕೆ, ಕೆಲವು ಎಡಕ್ಕೆ ಬಲಕ್ಕೆ. ಹಿರಿಯರು ನನ್ನನ್ನು ಆರಾಮವಾಗಿ ನಿಲ್ಲಿಸಿ, ಎರಡೂ ಕೈಯನ್ನು ಬಿಡಲು ಹೇಳಿದರು. ಸ್ಲೆಡ್ ನಿಧಾನವಾಗಿ ನನ್ನಿಂದ ಹೊರಗೆ ಎಡಕ್ಕೆ ತೇಲಿಹೋಯಿತು. ಪಕ್ಕದ ತಿರುಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬಿಡಿಸಿದರು, ಈ ಸಲ ಅದು ಮುಂದಕ್ಕೆ ಜಾರಿತು. ಮತ್ತೊಂದು ತಿರುಪನ್ನು ಅದಕ್ಕಿಂತಲೂ ಕಡಿಮೆ ತಿರುಗಿಸಿದಾಗ ಸ್ಲೆಡ್ ನನ್ನ ಎಡ ಪಕ್ಕದಲ್ಲಿ, ಕೈ ಎಟುಕಿನಲ್ಲಿ, ಯಾರೂ ಹಿಡಿಯದೆ ನಿಂತುಬಿಟ್ಟಿತು. ಅಲ್ಲಿಯವರೆಗೆ ಬೆನ್ನು ಹೊತ್ತಿದ್ದ ಎಳೆತ ಒಂದೇ ಕ್ಷಣದಲ್ಲಿ ಇಳಿಯಿತು. ಪ್ರತಿಯೊಬ್ಬರ ನಿಲುವು ಬೇರೆ, ಆದ್ದರಿಂದ ಈ ಹದವೂ ಬೇರೆ. ಹೊಸ ವೆಸ್ಟನ್ನು ನೋಡುವಾಗ ಈ ಹೊಂದಾಣಿಕೆ ಮಾಡಿಕೊಳ್ಳದೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗದು. ಮಳಿಗೆಯಲ್ಲಿ ಎರಡು ನಿಮಿಷ ತೊಡಿಸಿ ತೋರಿಸುವ ಪ್ರದರ್ಶನವನ್ನು ನಂಬಿ ಯಾರೂ ಕೊಳ್ಳಬೇಡಿ.

ಆಮೇಲೆ ಆರ್ಮ್ ಬೆನ್ನಿನ ಹಿಂದಿನಿಂದ ಸುತ್ತಿ ಬರುವ ವೆಸ್ಟನ್ನೂ, ಟಿಫೆನ್ ಸಂಸ್ಥೆಯ ಎಕ್ಸೋವೆಸ್ಟ್‌ನಂತೆ ಗಟ್ಟಿ ಚೌಕಟ್ಟು ಮೈಯ ಸುತ್ತ ನಿಂತು ಭಾರವನ್ನು ಸೊಂಟಕ್ಕೆ ಸಾಗಿಸುವ ಬಗೆಯನ್ನೂ ತೊಟ್ಟು ನೋಡಿದೆ. ಹಿಂದಿನಿಂದ ಬರುವ ವೆಸ್ಟ್‌ನಲ್ಲಿ ಎದೆ ಮುಕ್ತವಾಗಿರುವುದರಿಂದ ಉಸಿರಾಟ ಹಗುರ, ಆದರೆ ಆರ್ಮ್ ಮೈಯ ಪಕ್ಕದಿಂದ ಬರುವ ಕಾರಣ ಕಿರಿದಾದ ಬಾಗಿಲುಗಳಲ್ಲಿ ನಾನು ಬೇರೆ ರೀತಿಯಲ್ಲಿ ಹೊರಳಬೇಕಾಯಿತು. ಗಟ್ಟಿ ಚೌಕಟ್ಟಿನದು ನನ್ನ ಎದೆಯ ಅಗಲಕ್ಕೆ ಚೆನ್ನಾಗಿ ಹೊಂದಿತು, ಬಾಗುವಾಗಲೂ ಪ್ಯಾಡ್ ಸೊಂಟದಿಂದ ಏಳಲಿಲ್ಲ. ನನ್ನ ಸಹೋದ್ಯೋಗಿಯೊಬ್ಬಳು ಇದೇ ಸಮಯದಲ್ಲಿ ರಿಗ್ ಹುಡುಕುತ್ತಿದ್ದಳು. ಸಾಂಪ್ರದಾಯಿಕ ವೆಸ್ಟ್‌ನ ಎದೆಯ ತಟ್ಟೆ ಅವಳಿಗೆ ಒತ್ತುತ್ತಿತ್ತು, ಹಿಂದಿನಿಂದ ಬರುವ ವೆಸ್ಟ್‌ನಲ್ಲಿ ಅವಳು ದಿನವಿಡೀ ಕೆಲಸ ಮಾಡಬಲ್ಲವಳಾದಳು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುತ್ತದೆಂದು ಹೇಳಲಾಗದು, ಆದ್ದರಿಂದ ಹೆಸರು ಕೇಳಿ ವೆಸ್ಟ್ ಕೊಳ್ಳುವುದು ಬೇಡ. ಯಾವುದನ್ನು ತೊಟ್ಟರೂ ತುರ್ತು ಬಿಡುಗಡೆಯ ಕೊಂಡಿಯನ್ನು ನಿಜವಾಗಿ ಎಳೆದು ಪರೀಕ್ಷಿಸಿ. ನೀರಿನ ಅಂಚಿನಲ್ಲೋ ಎತ್ತರದ ವೇದಿಕೆಯಲ್ಲೋ ಬಿದ್ದಾಗ ಅದನ್ನು ಕಣ್ಣು ಮುಚ್ಚಿಕೊಂಡೂ ಬಿಚ್ಚಲು ಬರಬೇಕು.

ವೆಸ್ಟ್ ತೀರ್ಮಾನವಾದ ಮೇಲೆ ಆರ್ಮ್ ಪರೀಕ್ಷೆ ಹೆಚ್ಚು ಸಮಯ ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ನಿಂತು ಕ್ಯಾಮೆರಾವನ್ನು ಅತ್ಯಂತ ಕೆಳಗಿನಿಂದ ಅತ್ಯಂತ ಮೇಲಕ್ಕೆ ಎತ್ತಿ ನೋಡಬೇಕು. ಒಳ್ಳೆಯ ಆರ್ಮ್‌ನಲ್ಲಿ ಎತ್ತುವ ಬಲ ಬಹುತೇಕ ಎಲ್ಲ ಎತ್ತರದಲ್ಲೂ ಒಂದೇ ಆಗಿರುತ್ತದೆ. ಅಗ್ಗದ ಆರ್ಮ್‌ಗಳು ನಡುಮಟ್ಟಕ್ಕೆ ಹಿಂದಿರುಗಲು ಹಟ ಹಿಡಿಯುತ್ತವೆ, ಕ್ಯಾಮೆರಾವನ್ನು ಮೇಲೆ ಅಥವಾ ಕೆಳಗೆ ಹಿಡಿದು ನಿಲ್ಲಿಸಲು ತೋಳು ಸೋಲುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಕಿವಿಗೊಟ್ಟು ಕೇಳಬೇಕು. ಸ್ಪ್ರಿಂಗ್ ಕಿರುಗುಟ್ಟಿದರೆ ಸಂಭಾಷಣೆಯ ದೃಶ್ಯದಲ್ಲಿ ಧ್ವನಿಗ್ರಾಹಕರು ಶಾಟ್ ನಿಲ್ಲಿಸುತ್ತಾರೆ. ಉಪಕರಣವಿಲ್ಲದೆ ಬರಿಗೈಯಲ್ಲೇ ಸ್ಪ್ರಿಂಗ್‌ನ ಬಲವನ್ನು ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ ಎಂಬುದನ್ನೂ ನೋಡಿ, ಲೆನ್ಸ್ ಬದಲಾದಾಗಲೆಲ್ಲ ಅದು ಬೇಕಾಗುತ್ತದೆ. ಆರ್ಮ್‌ನ ತುದಿಯ ಕಡ್ಡಿಯ ದಪ್ಪ ನಿಮ್ಮ ಗಿಂಬಲ್ ಹಿಡಿಕೆಗೆ ಹೊಂದಬೇಕು. ದೊಡ್ಡ ರಿಗ್‌ಗಳಲ್ಲಿ ಇದು 5/8 ಇಂಚು, ಕೆಲವು ಸಣ್ಣ ರಿಗ್‌ಗಳಲ್ಲಿ 1/2 ಇಂಚು. ಬೇರೆ ಬೇರೆ ತಯಾರಕರ ಭಾಗಗಳನ್ನು ಕೂಡಿಸಿ ಕೊಳ್ಳುವವರು ಇದನ್ನು ಮೊದಲೇ ಅಳೆಯಬೇಕು.

ಸ್ಲೆಡ್‌ನ ವಿಷಯದಲ್ಲಿ ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಗಿಂಬಲ್‌ಗೆ. ಕ್ಯಾಮೆರಾ ಹೇರಿ, ಸಮತೋಲ ಮಾಡಿ, ಸ್ಲೆಡ್ಡನ್ನು ಅಡ್ಡಡ್ಡಲಾಗಿ ಎತ್ತಿ ಬಿಡಬೇಕು. ಅದು ನೇರವಾಗಿ ನಿಲ್ಲುವ ಸ್ಥಿತಿಯನ್ನು ದಾಟಲು ತೆಗೆದುಕೊಳ್ಳುವ ಕಾಲಕ್ಕೆ ಡ್ರಾಪ್ ಟೈಮ್ ಎನ್ನುತ್ತಾರೆ. 2ರಿಂದ 3 ಸೆಕೆಂಡು ಒಳ್ಳೆಯ ಆರಂಭ. ಇದಕ್ಕಿಂತ ಬೇಗ ಇಳಿದರೆ ಕೆಳಭಾಗ ಭಾರವಾಗಿ, ನಡೆಯಲು ಶುರು ಮಾಡಿದಾಗಲೂ ನಿಂತಾಗಲೂ ಸ್ಲೆಡ್ ಲೋಲಕದಂತೆ ತೂಗುತ್ತದೆ. ಗಿಂಬಲ್ಲನ್ನು ಕೊಳವೆಯ ಮೇಲೆ ಕೂದಲೆಳೆಯಷ್ಟು ಸರಿಸಿ ಬಿಗಿಯುವ ವ್ಯವಸ್ಥೆ ನಯವಾಗಿದ್ದರೆ ಮಾತ್ರ ಈ ಹದ ಸುಲಭವಾಗಿ ಸಿಗುತ್ತದೆ. ಇನ್ನೊಂದು ಪರೀಕ್ಷೆ, ಸ್ಲೆಡ್ಡನ್ನು ಬುಗುರಿಯಾಡಿಸುವುದು. ನಿಂತಾಗ ಸಮವಾಗಿರುವ ಸ್ಲೆಡ್ ತಿರುಗುವಾಗ ಓಲಾಡಿದರೆ ತೂಕಗಳ ಹಂಚಿಕೆ ಸರಿಯಿಲ್ಲ ಎಂದರ್ಥ. ಕ್ಯಾಮೆರಾದ ಗುರುತ್ವ ಕೇಂದ್ರವನ್ನು ಕೊಳವೆಯ ನಡುಗೆರೆಗಿಂತ ಸುಮಾರು 2 ಸೆಂಟಿಮೀಟರ್ ಹಿಂದಕ್ಕಿಟ್ಟು, ಬ್ಯಾಟರಿಯನ್ನೂ ಮಾನಿಟರನ್ನೂ ಸರಿಸುತ್ತ ಬಂದರೆ ಸಾಮಾನ್ಯವಾಗಿ ಅದು ಹದಕ್ಕೆ ಬರುತ್ತದೆ. ಆದ್ದರಿಂದ ಬ್ಯಾಟರಿ ಮತ್ತು ಮಾನಿಟರ್ ಎರಡನ್ನೂ ಸರಿಸಲು ಅವಕಾಶವಿರುವ ಸ್ಲೆಡ್ ಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ ಬ್ಯಾಟರಿಯ ಜಾಗ ಖಾಯಂ, ಅವನ್ನು ನಾನು ಕೈಬಿಟ್ಟೆ.

ಕೊಳವೆಯೊಳಗಿನ ತಂತಿಗಳ ಬಗ್ಗೆ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಈಗಿನ ದೊಡ್ಡ ಸಿನಿಮಾ ಕ್ಯಾಮೆರಾಗಳಲ್ಲಿ ಕೆಲವಕ್ಕೆ 24 ವೋಲ್ಟ್ ಬೇಕು. 12 ವೋಲ್ಟ್‌ಗೆಂದು ಮಾಡಿದ ಹಳೆಯ ಸ್ಲೆಡ್‌ನಲ್ಲಿ ಆ ಕ್ಯಾಮೆರಾ ನಡೆಯುವುದೇ ಇಲ್ಲ, ಇಲ್ಲವೇ ಹೆಚ್ಚುವರಿ ಪೆಟ್ಟಿಗೆಯೊಂದನ್ನು ಜೋಡಿಸಬೇಕು. ಕ್ಯಾಮೆರಾಕ್ಕೆ, ಫೋಕಸ್ ಮೋಟಾರಿಗೆ, ಟ್ರಾನ್ಸ್‌ಮಿಟರಿಗೆ ಏಕಕಾಲದಲ್ಲಿ ಬೇಕಾದಷ್ಟು ವಿದ್ಯುತ್ತನ್ನು ತಂತಿ ಸಾಗಿಸಬಲ್ಲದೇ, ವಿಡಿಯೋ ಸಾಲು ಎಚ್‌ಡಿ ಎಸ್‌ಡಿಐ ಎಂಬ ಹೆಚ್ಚು ಸ್ಪಷ್ಟತೆಯ ವಿಡಿಯೋ ಸಂಕೇತವನ್ನು ತಾಳಿಕೊಳ್ಳುತ್ತದೆಯೇ ಎಂದು ನನ್ನ ಕ್ಯಾಮೆರಾವನ್ನೇ ಹೇರಿ ಪರೀಕ್ಷಿಸಿದೆ. ಮಾನಿಟರನ್ನು ಬಿಸಿಲಿನಲ್ಲಿ ಹೊರಗೊಯ್ದು ನೋಡಿದೆ. ಒಳಗೆ ಮಿಂಚುತ್ತಿದ್ದ ಪರದೆಯೊಂದು ಹೊರಗೆ ಬರಿಯ ಕನ್ನಡಿಯಾಯಿತು. ನಾವು ಕಣ್ಣುಗೂಡಿಗೆ ಕಣ್ಣಿಟ್ಟು ನೋಡುವುದಿಲ್ಲ, ಕಣ್ಣ ಮುಂದಿರುವುದು ಆ ಪರದೆ ಮಾತ್ರ. ಇದರಲ್ಲಿ ಉಳಿತಾಯ ಮಾಡುವುದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನಡುವೆ ಒಳ್ಳೆಯ ತಯಾರಕರ ಹಳೆಯ ರಿಗ್ ಒಂದು ಮಾರಾಟಕ್ಕೆ ಬಂತು. ಹೊಸದರ ಅರ್ಧದಷ್ಟು ಬೆಲೆ, ನೋಡಲು ಅಚ್ಚುಕಟ್ಟು. ಗಿಂಬಲ್‌ನ ಮೂರೂ ಅಕ್ಷಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿದಾಗ ಒಂದರಲ್ಲಿ ಮರಳು ಸೇರಿದಂಥ ಸಣ್ಣ ತಡೆ ಸಿಕ್ಕಿತು. ಸಾಕೆಟ್ ಬ್ಲಾಕ್‌ನಲ್ಲಿ ಆರ್ಮ್ ಸ್ವಲ್ಪ ಕದಲುತ್ತಿತ್ತು. ಬೇರಿಂಗ್ ಬದಲಿಸಲು ಗಿಂಬಲ್ಲನ್ನು ತಯಾರಕರಿಗೇ ಕಳಿಸಬೇಕು, ಅದಕ್ಕೆ ತಗಲುವ ವೆಚ್ಚವನ್ನೂ ಕಾಯುವ ಕಾಲವನ್ನೂ ಕೂಡಿಸಿದಾಗ ಅಗ್ಗವೆನ್ನುವ ಮಾತು ಉಳಿಯಲಿಲ್ಲ. ಆದರೂ ಹಳೆಯ ರಿಗ್ ಕೊಳ್ಳುವುದನ್ನು ನಾನು ವಿರೋಧಿಸುವುದಿಲ್ಲ. ಒಳ್ಳೆಯ ಆರ್ಮ್ ದಶಕಗಳ ಕಾಲ ಬಾಳುತ್ತದೆ, ಅದನ್ನು ಹಳೆಯದಾಗಿ ಕೊಂಡು ಸ್ಲೆಡ್ ಮಾತ್ರ ಹೊಸದು ತೆಗೆದುಕೊಂಡ ಆಪರೇಟರುಗಳು ಅನೇಕರಿದ್ದಾರೆ. ಬಿಡಿಭಾಗ ಈಗಲೂ ಸಿಗುತ್ತದೆಯೇ ಎಂದು ಕ್ರಮಸಂಖ್ಯೆ ಕೊಟ್ಟು ತಯಾರಕರಿಂದಲೇ ಲಿಖಿತ ಉತ್ತರ ಪಡೆಯಿರಿ.

ಖರ್ಚಿನ ಲೆಕ್ಕದಲ್ಲಿ ರಿಗ್‌ನ ಬೆಲೆ ಒಂದು ಭಾಗ ಮಾತ್ರ. ವೈರ್‌ಲೆಸ್ ಫೋಕಸ್ ವ್ಯವಸ್ಥೆ ಇಲ್ಲದೆ ರಿಗ್ ಕೆಲಸಕ್ಕೆ ಬಾರದು, ಏಕೆಂದರೆ ಕ್ಯಾಮೆರಾವನ್ನು ಮುಟ್ಟಿದರೆ ಸಮತೋಲ ಕೆಡುತ್ತದೆ. ಅದರ ಬೆಲೆ ಕೆಲವೊಮ್ಮೆ ಸ್ಲೆಡ್‌ನಷ್ಟೇ ಆಗುತ್ತದೆ. ವಿಡಿಯೋ ಟ್ರಾನ್ಸ್‌ಮಿಟರ್, ಬ್ಯಾಟರಿಗಳು ಮತ್ತು ಚಾರ್ಜರ್, ಸ್ಲೆಡ್ ನಿಲ್ಲಿಸುವ ಡಾಕಿಂಗ್ ಬ್ರಾಕೆಟ್ ಮತ್ತು ಗಟ್ಟಿ ಸ್ಟ್ಯಾಂಡ್, ಮರಳು ಚೀಲ, ಪೆಟ್ಟಿಗೆಗಳು, ಪ್ರತಿ ಕ್ಯಾಮೆರಾಕ್ಕೂ ಬೇರೆ ಬೇರೆ ವಿದ್ಯುತ್ ಕೇಬಲ್, ಕ್ಯಾಮೆರಾವನ್ನು ಕಾಲಿನ ಮಟ್ಟಕ್ಕೆ ತಿರುಗಿಸಿ ಕಟ್ಟುವ ಲೋ ಮೋಡ್ ಬ್ರಾಕೆಟ್, ವಿಮೆಯ ಕಂತು, ತರಬೇತಿಯ ಶುಲ್ಕ, ಇವೆಲ್ಲವನ್ನೂ ಕೂಡಿಸಿದಾಗ ಒಟ್ಟು ಮೊತ್ತ ರಿಗ್‌ನ ಬೆಲೆಯ ಎರಡು ಪಟ್ಟಿಗೆ ಹತ್ತಿರ ಬಂತು. ಆ ಸಂಖ್ಯೆಯನ್ನು ನೋಡಿದ ರಾತ್ರಿ ಇದೆಲ್ಲ ಬೇಡವೆಂದೇ ಅನಿಸಿತ್ತು. ಫೋಕಸ್ ವ್ಯವಸ್ಥೆಯನ್ನೂ ಟ್ರಾನ್ಸ್‌ಮಿಟರನ್ನೂ ಸದ್ಯಕ್ಕೆ ಬಾಡಿಗೆಗೆ ತರುವುದು, ರಿಗ್‌ನ ಮೂರು ಭಾಗಗಳಲ್ಲಿ ಮಾತ್ರ ರಾಜಿ ಮಾಡಿಕೊಳ್ಳದಿರುವುದು ಎಂದು ನಿರ್ಧರಿಸಿದ ಮೇಲೆ ಧೈರ್ಯ ಬಂತು. ಅವೆರಡೂ ಬೇಗ ಹಳತಾಗುವ ವಸ್ತುಗಳು, ಬಾಡಿಗೆಗೆ ಎಲ್ಲೆಡೆ ಸಿಗುತ್ತವೆ. ಮೈಗೆ ಹೊಂದಿದ ವೆಸ್ಟ್ ಬಾಡಿಗೆಗೆ ಸಿಗುವುದಿಲ್ಲ.

ಮುಂಗಡ ಕಟ್ಟಿದ ಮೇಲೆ ವೆಸ್ಟ್‌ಗಾಗಿ ಎತ್ತರ, ಎದೆ, ಸೊಂಟ ಮತ್ತು ಮುಂಡದ ಉದ್ದದ ಅಳತೆಗಳನ್ನು ಕಳಿಸಬೇಕಿತ್ತು. ಚಿತ್ರೀಕರಣದಲ್ಲಿ ತೊಡುವ ಬಟ್ಟೆಯ ಮೇಲೆಯೇ ಅಳತೆ ತೆಗೆಯಿರಿ, ಮುಂಡದ ಉದ್ದವನ್ನು ಇನ್ನೊಬ್ಬರಿಂದ ಅಳೆಸಿ. ತಯಾರಿಕೆಗೆ ಹೇಳಿದ ಗಡುವು ದಾಟಿ, ಮತ್ತೆ ಮುಂದಕ್ಕೆ ಹೋಯಿತು. ಈ ನಡುವೆ ಒಪ್ಪಿಕೊಂಡಿದ್ದ ಕೆಲಸಕ್ಕೆ ಮತ್ತೆ ಬಾಡಿಗೆ ರಿಗ್ ತರಬೇಕಾಯಿತು. ಹೊಸ ರಿಗ್ ಬರುತ್ತದೆಂಬ ಭರವಸೆಯ ಮೇಲೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಸಾಮಾನು ಬಂದಾಗ ಸುಂಕದ ಕಚೇರಿಯಲ್ಲಿ ಅದು ತಡೆದು ನಿಂತಿತು. ಮಾರಾಟಗಾರರು ಕೊಟ್ಟ ಬಿಲ್ಲಿನಲ್ಲಿ ಆರ್ಮ್‌ನ ಕ್ರಮಸಂಖ್ಯೆಯ ಒಂದು ಅಂಕೆ ತಪ್ಪಾಗಿ ಅಚ್ಚಾಗಿತ್ತು. ಪೆಟ್ಟಿಗೆಯೊಳಗಿನ ಆರ್ಮ್‌ನ ಮೇಲೆ ಕೆತ್ತಿದ ಸಂಖ್ಯೆ ಬೇರೆ. ತಿದ್ದಿದ ಬಿಲ್, ತಯಾರಕರ ಪತ್ರ, ಹಣ ಪಾವತಿಯ ದಾಖಲೆ, ಇವು ಬರುವ ತನಕ ದಾಸ್ತಾನು ಬಾಡಿಗೆ ನನ್ನ ಲೆಕ್ಕಕ್ಕೆ ಬೀಳುತ್ತಲೇ ಇತ್ತು. ಸಾಗಣೆಗೆ ಮುನ್ನ ಪ್ರತಿ ಭಾಗದ ಕ್ರಮಸಂಖ್ಯೆಯ ಫೋಟೋ ಮತ್ತು ಬಿಲ್ಲಿನ ಪ್ರತಿಯನ್ನು ತರಿಸಿಕೊಂಡು ನೀವೇ ತಾಳೆ ನೋಡಿದರೆ ಇದನ್ನು ತಪ್ಪಿಸಬಹುದು. ಅದೇ ಪಟ್ಟಿ ವಿಮೆಗೂ ಬೇಕು, ಮುಂದೆ ಚಿತ್ರೀಕರಣಕ್ಕೆ ಗಡಿ ದಾಟುವಾಗ ಉಪಕರಣವನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ದು ತರುವ ದಾಖಲೆಯಾದ ಎಟಿಎ ಕಾರ್ನೆಟ್ ಮಾಡಿಸಲೂ ಬೇಕು.

ಬ್ಯಾಟರಿ ಕೊಳ್ಳುವಾಗ ವಿಮಾನದ ನಿಯಮವನ್ನು ನೆನಪಿಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು. 100 ವ್ಯಾಟ್‌ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ವರೆಗಿನದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಅನುಮತಿ ಬೇಡ, 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು ಮತ್ತು ಒಬ್ಬರಿಗೆ ಎರಡೇ, ಅದಕ್ಕೂ ಮೇಲಿನದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಅನೇಕ ತಯಾರಕರು 98 ವ್ಯಾಟ್‌ಅವರ್ ಬ್ಯಾಟರಿ ಮಾಡುವುದು ಇದೇ ಕಾರಣಕ್ಕೆ. ನಾನು ಅಂಥವನ್ನೇ ಕೊಂಡೆ.

ರಿಗ್ ಕೈಸೇರಿದ ಮೇಲೂ ನೇರವಾಗಿ ಸೆಟ್‌ಗೆ ಒಯ್ಯಲಿಲ್ಲ. ತರಬೇತಿ ಶಿಬಿರದಲ್ಲಿ ಕಲಿತ ಅಭ್ಯಾಸವನ್ನು ದಿನವೂ ಮಾಡಿದೆ: ಗೋಡೆಯ ಮೇಲೆ ಟೇಪಿನಿಂದ ಅಡ್ಡ ಉದ್ದ ಗೆರೆ ಹಾಕಿ, ನೆಲದ ಮೇಲೆ ಇನ್ನೊಂದು ನೇರ ಗೆರೆ ಹಾಕಿ, ಮಾನಿಟರಿನ ನಡುಬಿಂದುವನ್ನು ಗೋಡೆಯ ಗುರುತಿನಿಂದ ಕದಲಿಸದೆ ಮುಂದಕ್ಕೆ ನಡೆಯುವುದು, ಹಿಂದಕ್ಕೆ ಬರುವುದು. ಆರಂಭದಲ್ಲಿ ಕ್ಯಾಮೆರಾದ ಬದಲು ಅಷ್ಟೇ ತೂಕದ ಲೋಹದ ತಟ್ಟೆ ಮತ್ತು ಸಣ್ಣ ಕ್ಯಾಮೆರಾ ಕಟ್ಟಿದ್ದೆ. ಬಲಗೈ ಆರ್ಮ್‌ನ ಎತ್ತರವನ್ನು ನೋಡಿಕೊಂಡರೆ, ಎಡಗೈಯ ಬೆರಳುಗಳು ಗಿಂಬಲ್‌ನ ಕೆಳಗೆ ಕೊಳವೆಯನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು. ಹಿಡಿತ ಬಿಗಿಯಾದೊಡನೆ ದಿಗಂತ ವಾಲುತ್ತದೆ. ಗಾಳಿಯಲ್ಲಿ ಇದು ಇನ್ನೂ ಕಷ್ಟ, ಸ್ಲೆಡ್ ಗಾಳಿಗೆ ಪಟದಂತೆ ತಿರುಗುತ್ತದೆ, ಪಕ್ಕದಲ್ಲಿ ಗಾಳಿ ತಡೆಯುವ ಬಟ್ಟೆಯ ಚೌಕಟ್ಟು ಹಿಡಿದು ನಡೆಯಲು ಒಬ್ಬರು ಬೇಕೇಬೇಕು.

ಮೊದಲ ಚಿತ್ರೀಕರಣದಲ್ಲಿ ಮೆಟ್ಟಿಲಿಳಿದು ಎರಡು ಕೋಣೆ ದಾಟಿ ಹೋಗುವ ಉದ್ದನೆಯ ಶಾಟ್ ಇತ್ತು. ಬೆನ್ನು ನೋಯಲಿಲ್ಲ, ಕಾಲು ದಣಿಯಿತು. ಭಾರ ಸರಿಯಾದ ಜಾಗದಲ್ಲಿ ಇಳಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಖಚಿತವಾದ ಗುರುತು ನನಗೆ ತಿಳಿದಿಲ್ಲ. ಟೇಕ್‌ಗಳ ನಡುವೆ ಸ್ಲೆಡ್ಡನ್ನು ಸ್ಟ್ಯಾಂಡಿಗೆ ಇಳಿಸಲು ಸಮಯ ಬೇಕೆಂದು ಸಹ ನಿರ್ದೇಶಕರಿಗೆ ಮೊದಲೇ ಹೇಳಿಟ್ಟಿದ್ದೆ, ಅವರು ಅದನ್ನು ವೇಳಾಪಟ್ಟಿಯಲ್ಲೇ ಬರೆದುಕೊಂಡಿದ್ದರು. ನೀವೂ ಕೆಲಸ ಒಪ್ಪಿಕೊಳ್ಳುವಾಗಲೇ ಈ ಮಾತನ್ನಾಡಿ. ಕೆಲಸ ಮುಗಿದ ಮೇಲೆ ಸಾಕೆಟ್ ಬ್ಲಾಕ್‌ನ ತಿರುಪುಗಳ ಸ್ಥಾನ, ಗಿಂಬಲ್‌ನ ಎತ್ತರ, ಡ್ರಾಪ್ ಟೈಮ್ ಮತ್ತು ಆ ದಿನದ ಲೆನ್ಸ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಗಿಂಬಲ್ಲನ್ನು ಒಣಬಟ್ಟೆಯಿಂದ ಒರೆಸಿ, ಧೂಳು ಕೂರದಂತೆ ಮುಚ್ಚಿಡುತ್ತೇನೆ. ತಯಾರಕರು ಹೇಳದ ಹೊರತು ಅದರ ಬೇರಿಂಗ್‌ಗಳಿಗೆ ಎಣ್ಣೆ ಹಾಕಬಾರದು, ಎಣ್ಣೆಗೆ ಧೂಳು ಅಂಟಿದರೆ ನಯ ಹೋಗುತ್ತದೆ. ಆರ್ಮ್‌ನ ಕಡ್ಡಿಗೆ, ಸಾಕೆಟ್ ಬ್ಲಾಕ್‌ನ ತಿರುಪುಗಳಿಗೆ ಒಂದೊಂದು ಬದಲಿಯನ್ನು ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.